ಯಜಮಾನರು ಬಾಗಿಲಿಗೆ ಬರುವ ತನಕ

ಲೋ ತಮ್ಮ,

ಆಸ್ಪತ್ರೆ ಡ್ಯೂಟಿಗೆ ಹೊರಟೆ. ನಿನ್ನ ನಾಯಿಮರಿ ಪಟಾಕಿಯನ್ನು ಮೊದಲು ಹೊರಗೆ ಓಡಾಡಿಸಿ ಸುಸ್ತು ಮಾಡು, ಆಮೇಲೆ ಯಜಮಾನರ ಹತ್ತಿರ ಬಿಡು. ಇಬ್ಬರ ತಟ್ಟೆಯೂ ಬೇರೆ ಬೇರೆ ರೂಮಿನಲ್ಲಿರಲಿ.

ಯಜಮಾನರು ಗುರ್ ಅಂದ್ರೆ ಬೈಬೇಡ. ಹಲ್ಲು ಬಿದ್ದ ಮುದಿ ನಾಯಿ, ಪಾಪ, ಇನ್ನೇನು ಮಾಡೀತು? ಅವರು ಗುರ್ ಅಂದಾಗೆಲ್ಲ ನೀನು ಮರಿಯನ್ನು ಎತ್ಕೊಂಡು ಮುದ್ದಾಡ್ತೀಯ. ಅದಕ್ಕೇ ಅದು ಬೇಕಂತಲೇ ಹೋಗಿ ಅವರ ಬಾಲ ಎಳೆಯೋದು. ತಲೆ ಮೇಲೆ ಕೂರಿಸ್ಕೊಂಡೋನು ನೀನು, ಬೈಸ್ಕೊಳ್ಳೋದು ಅವರು!

ಇನ್ನೊಂದು ಮಾತು. ಸಂಜೆ ನೀನು ಅಂಗಡಿಯಿಂದ ಬಂದಾಗ ಬಾಗಿಲಿಗೆ ಪಟಾಕಿಯೇ ಮೊದಲು ಓಡಿ ಬರುತ್ತೆ. ತಕ್ಷಣ ಬಗ್ಗಬೇಡ, ಸ್ವಲ್ಪ ತಾಳು. ಯಜಮಾನರಿಗೆ ಹಿಂಗಾಲು ನೋವು, ನಿಧಾನವಾಗಿ ಬರ್ತಾರೆ. ನಿನ್ನೆ ಅರ್ಧ ದಾರಿ ಬಂದು, ನಿನ್ನ ಕೈ ತುಂಬಿರೋದು ನೋಡಿ ವಾಪಸ್ ಹೋದ್ರು.

ಅಕ್ಕ