ಹಿಂದಿನ ಕೋಣೆಗೆ ಮೊದಲ ವೈರು

ಸೋಮವಾರ, ಬೆಳಿಗ್ಗೆ

ಬಡಾವಣೆಯ ಕೇಬಲ್ ಯಜಮಾನರಿಗೆ, ಲೆಕ್ಕಕ್ಕೆ ಮಾತ್ರ ಇನ್ನೂ ನಿಮ್ಮ ಹೆಂಡತಿಯಾಗಿರುವವಳ ನಮಸ್ಕಾರ.

ಕ್ಷೇಮವೇ ಎಂದು ಕೇಳುವುದಿಲ್ಲ. ಶನಿವಾರದಿಂದ ನಿಮಗೆ ಊಟ ಸೇರುತ್ತಿಲ್ಲವೆಂದು ಔಷಧಿ ಅಂಗಡಿಯವರು ಹೇಳಿದರು. ಎದೆಯುರಿಗೆ ಮಾತ್ರೆ ಕೊಂಡುಹೋದಿರಂತೆ. ಸುಳ್ಳು ಯಾಕೆ ಹೇಳಲಿ, ಅದನ್ನು ಕೇಳಿದ ದಿನ ನಾನು ಎರಡು ತುತ್ತು ಹೆಚ್ಚೇ ಉಂಡೆ.

ಬಡಾವಣೆಗೆ ಯಾವ ಇಂಟರ್ನೆಟ್ ತರಿಸಬೇಕೆಂದು ತೀರ್ಮಾನಿಸುವ ಸಮಿತಿಗೆ ನನ್ನನ್ನು ಸೇರಿಸಿದಾಗ ನೀವು ನಕ್ಕಿರಂತೆ. "ಹೊಲಿಗೆ ಮಿಷನ್ ತುಳಿಯೋಳಿಗೆ ಇದೆಲ್ಲ ಏನ್ ಗೊತ್ತು" ಅಂದಿರಂತೆ. ನಿಮ್ಮ ಜೊತೆ ಬಾಳಿದಷ್ಟು ದಿನವೂ ಕಂಬದ ಕೆಳಗೆ ಏಣಿ ಹಿಡಿದು ನಿಂತವಳು ನಾನು. ವೈರಿನ ತುದಿ ಸುಲಿದು ನಿಮ್ಮ ಕೈಗೆ ಕೊಟ್ಟವಳೂ ನಾನೇ. ಮರೆತುಬಿಟ್ಟಿರಿ, ನನಗೆ ಅದೇ ಅನುಕೂಲವಾಯಿತು.

ನಮ್ಮ ಮುಂದೆ ಮೂರು ದಾರಿಗಳಿದ್ದವು. ಮೊಬೈಲ್ ಸಿಗ್ನಲ್ ಹಿಡಿಯುವ ಸಿಮ್ ಡಬ್ಬಿ ಮನೆಗೊಂದು ಇಡಬಹುದಿತ್ತು. ಅದು ತಗ್ಗಿನ ಬೀದಿಗಳಲ್ಲಿ ಉಸಿರೇ ಎತ್ತಲಿಲ್ಲ. ಇನ್ನೊಂದು ನಿಮ್ಮದು, ಟೀವಿ ಕೇಬಲ್ಲಿನಲ್ಲೇ ಇಂಟರ್ನೆಟ್. ಅದೂ ಬೇಡವಾದರೆ, ಗುಡ್ಡದ ಟವರಿಗೆ ಎದುರಾಗಿ ನೀರಿನ ಟ್ಯಾಂಕಿನ ಮೇಲೆ ದೊಡ್ಡ ಆಂಟೆನಾ ಕೂರಿಸಿ, ಅಲ್ಲಿಂದ ಮನೆಮನೆಗೂ ಸಮಿತಿಯದೇ ವೈರು ಎಳೆಯುವುದು; ಟೀವಿಯೂ ಅದರಲ್ಲೇ ಬರುತ್ತದೆ. ಅಧ್ಯಕ್ಷರಾದ ಗಣಿತದ ಮೇಷ್ಟ್ರಿಗೆ ನಿಮ್ಮದೇ ಸಲೀಸು ಅನ್ನಿಸಿತ್ತು. ಕಳೆದ ವಾರ ಒಂದು ಮಧ್ಯಾಹ್ನ ಸಭಾಭವನದಲ್ಲಿ ನೀವು ತೋರಿಸಿದ ವಿಡಿಯೋ ಒಂದು ಗಳಿಗೆಯೂ ನಿಲ್ಲದೆ ಓಡಿತು. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ.

ಆಮೇಲೆ ಎದ್ದು ನಿಂತು ಒಂದೇ ಮಾತು ಕೇಳಿದೆ, ಇದನ್ನೇ ಸಂಜೆ ಎಲ್ಲರೂ ಮನೆಗೆ ಬಂದ ಮೇಲೆ ತೋರಿಸಬಹುದೇ ಎಂದು. ನೀವು ನನ್ನ ಮುಖವನ್ನೂ ನೋಡದೆ, "ಇಡೀ ಬಡಾವಣೆ ಒಟ್ಟಿಗೆ ನೋಡ್ಲಿ ಸಾರ್, ನಂದೇನೂ ಅಡ್ಡಿಯಿಲ್ಲ" ಎಂದು ಮೇಷ್ಟ್ರಿಗೆ ಉತ್ತರ ಕೊಟ್ಟಿರಿ. ಪುಕ್ಕಟೆ ಪರೀಕ್ಷೆಯೆಂದು ಮನೆಮನೆಗೂ ನಿಮ್ಮ ಕೇಬಲ್ ಇಂಟರ್ನೆಟ್ಟಿನ ಡಬ್ಬಿ ಹಂಚಿದ್ದೂ ನೀವೇ.

ಹಿಂದೆ ಅಂಗಡಿಗಳಿಗೆ ಇಂಟರ್ನೆಟ್ ಕೊಡಲು ಶುರುಮಾಡಿದಾಗ ಊಟಕ್ಕೆ ಕೂತು ಏನು ಹೇಳುತ್ತಿದ್ದಿರಿ, ನೆನಪಿದೆಯೇ? "ಇರೋದು ಒಂದೇ ಪೈಪು ಕಣೇ. ಎಲ್ರೂ ಒಟ್ಟಿಗೆ ನಲ್ಲಿ ತಿರುಗಿಸಿದ್ರೆ ನೀರು ಎಲ್ಲಿಂದ ಬರುತ್ತೆ?" ಊಟ ಬಡಿಸಿದ್ದು ನಾನು, ಗುಟ್ಟು ಬಡಿಸಿದ್ದು ನೀವು.

ಶನಿವಾರ ನನ್ನ ಹೊಲಿಗೆ ಅಂಗಡಿ ಮುಚ್ಚಿ ಮನೆಮನೆಯ ಬಾಗಿಲು ಬಡಿದೆ. ಸಂಜೆ ಪರೀಕ್ಷೆ ಶುರುವಾದಾಗ ಎಲ್ಲರೂ ಒಂದೊಂದು ವಿಡಿಯೋ ಹಾಕಿ ಎಂದೆ, ಅಷ್ಟೇ. ಮೋಸವೇನೂ ಮಾಡಲಿಲ್ಲ. ನೀವು ನಿಮ್ಮ ಆಫೀಸಿನಲ್ಲಿ ಕೂತು ಸಭಾಭವನದ ಪರದೆಯ ಮೇಲೆ ಭಾಷಣ ಆರಂಭಿಸಿದಿರಿ. "ನಮ್ಮ ಸೇವೆ ಯಾವತ್ತೂ" ಎನ್ನುವಷ್ಟರಲ್ಲಿ ಬಾಯಿ ತೆರೆದಂತೆಯೇ ನಿಂತುಹೋದಿರಿ, ಒಂದು ಕಣ್ಣು ಅರ್ಧ ಮುಚ್ಚಿಕೊಂಡು. ಮಕ್ಕಳು ಪರದೆಯ ಹತ್ತಿರ ಹೋಗಿ ನಿಮ್ಮ ಹಲ್ಲು ಎಣಿಸಿದರು. ಮೇಷ್ಟ್ರು ಆಂಟೆನಾಕ್ಕೆ ಕೈ ಎತ್ತಿದರು, ಉಳಿದವರೂ ಎತ್ತಿದರು.

ಇದನ್ನು ವ್ಯಾಪಾರದ ಪೈಪೋಟಿ ಎಂದುಕೊಳ್ಳಬೇಡಿ. ಇದು ಅಮ್ಮನ ಸಲುವಾಗಿ. ನಿಮ್ಮನ್ನು ಬಿಟ್ಟು ನಾನು ಅಮ್ಮನ ಮನೆ ಸೇರಿದ ಮರುದಿನವೇ ಆ ಮನೆಯ ಕೇಬಲ್ ಕತ್ತರಿಸಿದಿರಿ. ಸಿಟ್ಟು ನನ್ನ ಮೇಲಿತ್ತು, ಪೆಟ್ಟು ಬಿದ್ದದ್ದು ಹಾಸಿಗೆ ಹಿಡಿದವಳಿಗೆ. ಹಿಂದಿನ ಕೋಣೆಯ ಆ ಟೀವಿ ಬಿಟ್ಟರೆ ಅವಳಿಗೆ ಹೊರಗಿನ ಲೋಕವೇ ಇರಲಿಲ್ಲ. ಬೇರೆ ಕೇಬಲ್‌ನವರು ಬಡಾವಣೆಗೆ ಕಾಲಿಡದಂತೆ ನೋಡಿಕೊಂಡವರೂ ನೀವೇ. ಇಡೀ ಬೀದಿಯ ಕೇಬಲ್ಲೇ ಕೆಟ್ಟುಹೋಗಿದೆಯೆಂದು ಅಮ್ಮನಿಗೆ ಸುಳ್ಳು ಹೇಳಿದೆ. ಅವಳು ನಂಬಿದಳು. "ಅಳಿಯಂದ್ರು ಕಂಬ ಹತ್ತಿದ್ರಾ ನೋಡೇ. ಪಾಪ, ಬಿಸಿಲಲ್ಲಿ ಒಬ್ರೇ ಒದ್ದಾಡ್ತಿರ್ತಾರೆ" ಎಂದು ದಿನವೂ ಕೇಳುತ್ತಿದ್ದಳು. ಟೀವಿಯ ಆ ಕಪ್ಪು ಗಾಜು ನೋಡುತ್ತಲೇ ಪ್ರಾಣ ಬಿಟ್ಟಳು. ನಾನು ಕ್ಷಮಿಸಿಲ್ಲ. ಕ್ಷಮಿಸುವ ಆಸೆಯೂ ನನಗಿಲ್ಲ.

ಈಗ ಕೆಲಸದ ಮಾತು. ಕಂಪನಿಯವರು ಆಂಟೆನಾ ಕೂರಿಸಿ ಹೋಗುತ್ತಾರೆ. ಮನೆಗಳಿಗೆ ವೈರು ಎಳೆಯಲು ಇಲ್ಲಿಯ ಕಂಬ, ಸಂದಿಗೊಂದಿ ಎಲ್ಲ ಗೊತ್ತಿರುವ ಆಳು ಬೇಕು. ನಿಮ್ಮ ಹೆಸರು ಹೇಳಿದ್ದು ನಾನೇ. ಮೇಷ್ಟ್ರು ನನ್ನದು ದೊಡ್ಡ ಮನಸ್ಸು ಎಂದರು, ಅನ್ನಲಿ ಬಿಡಿ. ದಿನಗೂಲಿ ಕೆಲಸ, ಮೇಲುಸ್ತುವಾರಿ ನನ್ನದು. ಜನ ಕೇಬಲ್ ಬಿಟ್ಟ ಮೇಲೆ ನಿಮಗೆ ಬೇರೆ ಗತಿಯಿಲ್ಲವೆಂಬುದೂ ಗೊತ್ತು. ಬುಧವಾರ ಬೆಳಿಗ್ಗೆ ಏಣಿ ಹೊತ್ತುಕೊಂಡು ಬನ್ನಿ.

ಇಂತಿ,
ಒಂದು ಕಾಲಕ್ಕೆ ನಿಮ್ಮ ಏಣಿ ಹಿಡಿಯುತ್ತಿದ್ದವಳು

ಮರೆತಿದ್ದೆ: ಯಾವ ಮನೆಯಿಂದ ಶುರುಮಾಡಬೇಕೆಂದು ಹೇಳುವವಳೂ ನಾನೇ. ಮೊದಲ ಮನೆ ನಮ್ಮದು, ಮೊದಲ ವೈರು ಹಿಂದಿನ ಕೋಣೆಗೆ. ಅಮ್ಮನ ಮಂಚ ಇನ್ನೂ ತೆಗೆದಿಲ್ಲ. ಟೀವಿಗೆ ಸಂಪರ್ಕ ಕೊಟ್ಟು, ಚಿತ್ರ ಬರುವವರೆಗೂ ಆ ಮಂಚದ ಮೇಲೆ ಕೂತು ನೋಡುತ್ತಿರಿ. ನಾನು ಬಾಗಿಲಲ್ಲಿ ನಿಂತಿರುತ್ತೇನೆ. ಚಿತ್ರ ಬಂದ ಮೇಲೆ ಅಮ್ಮನಿಗೆ ನಿಮ್ಮ ಬಾಯಿಂದಲೇ ಹೇಳಿ, ಅಳಿಯಂದಿರು ಕಂಬ ಹತ್ತಿದರು ಎಂದು.