ಕ್ರೋಮಿಯಂ ಉತ್ತರಕ್ಕೆ ಕೊಟ್ಟ ಸೊನ್ನೆ

ಗುರುವಾರ, ಫೆಬ್ರವರಿ 13

ಕ್ರೋಮಿಯಂ ಪ್ರಶ್ನೆಗೆ ನಾನು ಸೊನ್ನೆ ಕೊಟ್ಟ ಹುಡುಗಿ ಇವತ್ತು ಉತ್ತರಪತ್ರಿಕೆ ಹಿಡಿದು ಸ್ಟಾಫ್ ರೂಮಿಗೆ ಬಂದಳು. 4s ಎಂಬ ಉಪಕವಚದಲ್ಲಿರಬೇಕಾದ ಎರಡು ಇಲೆಕ್ಟ್ರಾನುಗಳಲ್ಲಿ ಒಂದು 3d ಉಪಕವಚಕ್ಕೆ ಏಕೆ ಹೋಗುತ್ತದೆ ಎಂಬುದು ಪ್ರಶ್ನೆ. ಮಾದರಿ ಉತ್ತರದಲ್ಲಿದ್ದದ್ದು ಒಂದೇ ಸಾಲು: ಅರ್ಧ ತುಂಬಿದ ಉಪಕವಚ ಸ್ಥಿರ. ಆ ಸಾಲು ಅವಳ ಉತ್ತರದಲ್ಲಿ ಇರಲಿಲ್ಲ.

"ಮೇಡಂ, ಸ್ಥಿರ ಅಂತ ನಾನು ಬರ್ದಿಲ್ಲ. ಯಾಕೆ ಸ್ಥಿರ ಅಂತ ಬರ್ದಿದೀನಿ," ಎಂದಳು.

ಪಕ್ಕದ ಮೇಜಿನ ಗಣಿತದ ಮೇಷ್ಟ್ರು ನಕ್ಕರು. "ಅಂಕಪಟ್ಟಿ ಆಫೀಸಿಗೆ ಹೋಗಿ ಆಯ್ತಲ್ಲಮ್ಮ. ತಿದ್ಬೇಕಂದ್ರೆ ನಿಮ್ಮ ಮೇಡಂ ಅರ್ಜಿ ಹಿಡ್ಕೊಂಡು ಪ್ರಿನ್ಸಿಪಾಲರ ಮುಂದೆ ನಿಲ್ಬೇಕು. ಪಾಪ, ಬಿಟ್ಬಿಡು."

ರಾತ್ರಿ ಊಟವಾದ ಮೇಲೆ, ಓದುತ್ತಿದ್ದ ಅನುವಾದಿತ ಕಾದಂಬರಿ ತೆರೆದೆ, ಒಂದು ಪುಟವೂ ಸಾಗಲಿಲ್ಲ. ಬೆರಳು ಮಡಚಿ ಎಣಿಸಿದೆ. ಒಂದೇ ದಿಕ್ಕಿನ ಸ್ಪಿನ್ ಇರುವ ಇಲೆಕ್ಟ್ರಾನುಗಳು ತಮ್ಮೊಳಗೆ ಜಾಗ ಬದಲಿಸಿಕೊಳ್ಳಬಲ್ಲ ಜೋಡಿಗಳು, 3d ಯಲ್ಲಿ ನಾಲ್ಕಿದ್ದರೆ ಆರು, ಅರ್ಧ ತುಂಬಿ ಐದಾದರೆ ಹತ್ತು. ಜೋಡಿ ಹೆಚ್ಚಿದಷ್ಟೂ ಪರಮಾಣುವಿನ ಶಕ್ತಿ ಇಳಿಯುತ್ತದೆ. ಅವಳು ಬರೆದದ್ದು ಇದನ್ನೇ. ಹತ್ತೊಂಬತ್ತು ವರ್ಷ ಆ ಒಂದು ಸಾಲನ್ನು ಬಾಯಿಪಾಠ ಮಾಡಿಸಿದ ನಾನು ಜೋಡಿಗಳನ್ನು ಒಮ್ಮೆಯೂ ಎಣಿಸಿರಲಿಲ್ಲ.

ಅರ್ಜಿಯಲ್ಲಿ ಕಾರಣಕ್ಕೆ ಸ್ವಲ್ಪವೇ ಜಾಗವಿದೆ. 'ಕೂಡುವಾಗ ತಪ್ಪಾಗಿದೆ' ಎಂದು ಎಲ್ಲರೂ ಬರೆಯುತ್ತಾರೆ. ನಾನೂ ಬರೆದು, ಹೊಡೆದು ಹಾಕಿದೆ. 'ಉತ್ತರ ಸರಿಯಿತ್ತು, ತಿದ್ದಿದವಳಿಗೆ ತಿಳಿದಿರಲಿಲ್ಲ' ಎಂದು ಬರೆದಿದ್ದೇನೆ. ಬೆಳಿಗ್ಗೆ ಪ್ರಿನ್ಸಿಪಾಲರು ಇದನ್ನು ಓದಿ ತಲೆಯೆತ್ತಿದಾಗ ನಾನು ಬೆರಳು ಮಡಚಿ ಆ ಹತ್ತು ಜೋಡಿಗಳನ್ನು ಅವರಿಗೂ ಎಣಿಸಿ ತೋರಿಸುತ್ತೇನೆ.