ಬಾಯಿಗೆ ಕಟ್ಟಿದ ಬಟ್ಟೆ

ಅರ್ಮೇನಿಯನ್ನರ ಕೇರಿ, ಹೊಸ ಜುಲ್ಫಾ, ಇಸ್ಫಹಾನ್
೧೬೬೭, ದ್ರಾಕ್ಷಿ ಹಬ್ಬದ ಮಾರನೆಯ ದಿನ

ಗೋಲ್ಕೊಂಡದಲ್ಲಿ ರತ್ನ ಆರಿಸುತ್ತಾ ಕೂತಿರುವ ನನ್ನ ಗಂಡ ಅಘಾಜಾರರಿಗೆ,

ನಿಮ್ಮ ಹೆಂಡತಿ ತಾಗುಹಿಯ ನಮಸ್ಕಾರ. ನಾವು ಕ್ಷೇಮ. ನಿಮ್ಮ ಕ್ಷೇಮ ವಿಚಾರಿಸುವಷ್ಟು ತಾಳ್ಮೆ ಈಗ ನನಗಿಲ್ಲ.

ನೀವು ಕಳಿಸಿದ ಮಾಣಿಕ್ಯದ ಉಂಗುರವೂ ಮಾವನವರಿಗೆ ಬರೆದ ಪತ್ರವೂ ಬಂದವು. ಶುಶಾನಳನ್ನು ಸೂರತ್ತಿನ ನಿಮ್ಮ ಪಾಲುದಾರನ ಮಗನಿಗೆ ಕೊಡುವುದೆಂದು ಮಾತಾಗಿದೆ, ಹಬ್ಬದ ದಿನವೇ ನಿಶ್ಚಿತಾರ್ಥ ಮುಗಿಸಿಬಿಡಿ ಎಂದು ಬರೆದಿದ್ದೀರಿ. ಮಾವನವರ ಕಣ್ಣು ಮಂಜಾಗಿದೆ. ಪತ್ರ ಓದಿ ಹೇಳಿದವಳು ಶುಶಾನಳೇ. ನೀವು ಹೊರಟಾಗ ಹೊಟ್ಟೆಯಲ್ಲಿದ್ದವಳಿಗೆ ಈಗ ಹದಿಮೂರು. ಅವಳು ಕುಳ್ಳಿಯೋ ಉದ್ದವೋ ನಿಮಗೆ ಗೊತ್ತಿಲ್ಲ. ಒಂದು ವಜ್ರವನ್ನಾದರೆ ನಾಲ್ಕು ದಿನ ಬಿಸಿಲಿಗೆ ಹಿಡಿದು ನೋಡದೆ ಯಾರಿಗೂ ಕೊಡುವವರಲ್ಲ ನೀವು.

ಅದೇ ಪತ್ರದಲ್ಲಿ ಗಣಿಯ ವ್ಯಾಪಾರಿಗಳ ಬಗ್ಗೆ ಪುಟಗಟ್ಟಲೆ ಬರೆದಿದ್ದೀರಿ. ಬಟ್ಟೆಯಡಿ ಕೈ ಹಿಡಿದು ಬೆರಳು ಒತ್ತಿಯೇ ಬೆಲೆ ಮುಗಿಸುತ್ತಾರೆ, ಒಂದು ಮಾತೂ ಆಡುವುದಿಲ್ಲ ಎಂದು ನಿಮಗೆ ಭಾರೀ ಸೋಜಿಗ. ನನಗೇನೂ ಸೋಜಿಗವಾಗಲಿಲ್ಲ. ಸೊಸೆಯಾಗಿ ಬಂದ ದಿನ ನಿಮ್ಮ ತಾಯಿ ನನ್ನ ಬಾಯಿಗೆ ಬಟ್ಟೆ ಕಟ್ಟಿದರು. ಹಿರಿಯರ ಮುಂದೆ ಮಾತಿಲ್ಲ. ಉಪ್ಪು ಬೇಕೆಂದರೂ ಕೈಸನ್ನೆ. ಮಗುವಾದ ಮೇಲೆ ಅತ್ತೆಯೇ ಅದನ್ನು ಬಿಚ್ಚುವುದು ಪದ್ಧತಿ. ಶುಶಾನ್ ಹುಟ್ಟುವ ಮೊದಲೇ ಅವರು ತೀರಿಕೊಂಡರು. ಆಮೇಲೆ ಬಿಚ್ಚಬೇಕೆಂದು ಯಾರಿಗೂ ನೆನಪಾಗಲಿಲ್ಲ. ನಿಮಗೂ ಆಗಲಿಲ್ಲ. ಅಡುಗೆಮನೆಯಲ್ಲಿ ಮಗಳ ಜೊತೆ ಪಿಸುಗುಟ್ಟಿಕೊಂಡು ಇಷ್ಟು ವರ್ಷ ಕಳೆದಿದ್ದೇನೆ.

ನಿನ್ನೆ ನಿಶ್ಚಿತಾರ್ಥಕ್ಕೆಂದು ಪಾದ್ರಿಗಳು ಬಂದರು. "ತಾಯೀದು ಏನೂ ತಕರಾರಿಲ್ವಲ್ಲ?" ಎಂದು ಮಾವನವರನ್ನೇ ಕೇಳಿದರು. ನಾನು ಅಲ್ಲೇ ನಿಂತಿದ್ದೆ.

"ಅವಳ್ದೇನು ಬಿಡಿ, ಬಾಯಿಲ್ಲದ ಹೆಣ್ಣು," ಎಂದರು ಮಾವ.

ಶುಶಾನಳಿಗೆಂದು ಹೊಲಿಸಿದ ಬಿಳಿ ಬಾಯಿಬಟ್ಟೆ ತಟ್ಟೆಯಲ್ಲಿ ಉಂಗುರದ ಪಕ್ಕದಲ್ಲಿತ್ತು. ಅದನ್ನು ನೋಡಿ ನನ್ನ ಮೈ ಉರಿದುಹೋಯಿತು. ನನ್ನ ಬಟ್ಟೆ ಕಿತ್ತು ಅದರ ಮೇಲೆ ಎಸೆದೆ. "ನಾನು ಕೊಡಲ್ಲ. ನನ್ನ ಮಗಳನ್ನ ನಾನು ಕೊಡಲ್ಲ," ಎಂದೆ.

ಮಾವನವರು ಬಾಗಿಲ ಕಡೆ ತಿರುಗಿ, "ಯಾರಮ್ಮ ಅದು ಮಾತಾಡಿದ್ದು?" ಎಂದು ಕೇಳಿದರು. ಹದಿನಾಲ್ಕು ವರ್ಷ ಅವರಿಗೆ ಎರಡು ಹೊತ್ತೂ ಬಡಿಸಿದ್ದೇನೆ. ಪಾದ್ರಿಗಳು ಬಂದ ದಾರಿಯಲ್ಲೇ ಹೋದರು.

ಉಂಗುರವನ್ನು ಇದರ ಜೊತೆ ಹಿಂದಕ್ಕೆ ಕಳಿಸುತ್ತಿದ್ದೇನೆ. ನಿಮ್ಮ ಪಾಲುದಾರನಿಗೆ ಏನು ಹೇಳಿಕೊಳ್ಳುತ್ತೀರೋ ಹೇಳಿಕೊಳ್ಳಿ. ನನಗೆ ಯಾರ ಹೆದರಿಕೆಯೂ ಇಲ್ಲ.

ಇಂತು,
ಶುಶಾನಳ ತಾಯಿ
ತಾಗುಹಿ

ಪುನಶ್ಚ: ಅಪ್ಪಾ, ಇದನ್ನು ಬರೆದವಳು ನಾನು, ಶುಶಾನ್. ಅಮ್ಮನಿಗೆ ಬರೆಯಲು ಬರುವುದಿಲ್ಲ. ನಾನು ಸನ್ಯಾಸಿನಿಯರ ಮಠದಲ್ಲಿ ಕಲಿತೆ. ಹೆದರಿಕೆಯಿಲ್ಲ ಎಂದು ಬರೆಸಿದ್ದು ಸುಳ್ಳು, ನಿನ್ನೆ ರಾತ್ರಿ ಮೂರು ಸಲ ಎದ್ದು ಬಾಗಿಲ ಅಗುಳಿ ಹಾಕಿದೆಯೇ ಎಂದು ನೋಡಿ ಬಂದಳು. ನಿಮ್ಮನ್ನು ಬೈದದ್ದರಲ್ಲಿ ಅರ್ಧದಷ್ಟನ್ನು ನಾನು ಬರೆಯದೆ ಬಿಟ್ಟಿದ್ದೇನೆ. ನೀವು ಮನೆಗೆ ಬಂದರೆ ಅದನ್ನು ಅವಳೇ ಬಾಯಿಬಿಟ್ಟು ಹೇಳುತ್ತಾಳಂತೆ.